ಮಾಜಿ ಸೈನಿಕರ ಆರೋಗ್ಯ: ಶೇಕಡಾವಾರಿಗೆ ಮೊದಲು ಎಣಿಕೆ



ಮಾಚೇನಹಳ್ಳಿ ಭಾಗದ ಸಭೆಯೊಂದರಲ್ಲಿ "ನಮ್ಮಲ್ಲಿ ಮಾಜಿ ಸೈನಿಕರು ಎಷ್ಟು ಮಂದಿ?" ಎಂದು ಕೇಳಿದಾಗ ಮೂವರು ಮೂರು ಸಂಖ್ಯೆ ಹೇಳಿದರು. ಒಬ್ಬರು ಸೇನೆಯ ಪಿಂಚಣಿದಾರರನ್ನು ಮಾತ್ರ ಎಣಿಸಿದ್ದರು. ಮತ್ತೊಬ್ಬರು ಇಲ್ಲಿನ ರಾಜ್ಯ ಮೀಸಲು ಪೊಲೀಸ್ 8ನೇ ಪಡೆಯ ನಿವೃತ್ತರನ್ನೂ ಸೇರಿಸಿದ್ದರು. ಮೂರನೆಯವರು ಸೈನಿಕರ ವಿಧವೆಯರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಊರಿನ ಮಾತಿನಲ್ಲಿ ಇವರೆಲ್ಲರೂ 'ಮಿಲಿಟರಿ ಮನೆಯವರು'. ಆದರೆ ಸೌಲಭ್ಯದ ದಾರಿಗಳು ಬೇರೆ ಬೇರೆ.

ಭೂಸೇನೆ, ನೌಕಾಪಡೆ, ವಾಯುಪಡೆಗಳ ಪಿಂಚಣಿದಾರರಿಗೂ ಅವರ ಅವಲಂಬಿತರಿಗೂ 2003ರ ಏಪ್ರಿಲ್ 1ರಿಂದ ಇಸಿಹೆಚ್‌ಎಸ್ ಎಂಬ ವಂತಿಗೆ ಆಧಾರಿತ ಆರೋಗ್ಯ ಯೋಜನೆ ಜಾರಿಯಲ್ಲಿದೆ. ಕುಟುಂಬ ಪಿಂಚಣಿ ಪಡೆಯುವ ವಿಧವೆಯರೂ ಇದಕ್ಕೆ ಅರ್ಹರು. ಪೊಲೀಸ್ ಪಡೆಗಳ ನಿವೃತ್ತರು ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ.

ಸಂಶೋಧನೆಯ ಅಂಕಿ-ಅಂಶಗಳನ್ನು ಓದುವಾಗಲೂ ಇದೇ ಎಚ್ಚರ ಅಗತ್ಯ. ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದ ಅಮೆರಿಕದ ಪುರುಷ ಸೈನಿಕರ ಬಗ್ಗೆ 1980ರ ದಶಕದಲ್ಲಿ ನಡೆದ ಅಧ್ಯಯನದಲ್ಲಿ, ಯುದ್ಧಾಘಾತದ ಮನೋವ್ಯಾಧಿ ಆಗಲೂ ಇದ್ದವರು ಸುಮಾರು ಶೇ. 15, ಜೀವಿತಾವಧಿಯಲ್ಲಿ ಎಂದಾದರೂ ಅನುಭವಿಸಿದವರು ಸುಮಾರು ಶೇ. 31. ಎಣಿಸಿದ ಜನರು ಅವರೇ. ಪ್ರಶ್ನೆ ಬದಲಾದುದರಿಂದ ಸಂಖ್ಯೆ ದುಪ್ಪಟ್ಟಾಯಿತು. ನಮ್ಮ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಮಾನಸಿಕ ಅಸ್ವಸ್ಥತೆ ಇದೆಯೆಂದು ತಿಳಿಸಿತು. ಅದು ಸಾಮಾನ್ಯ ಕುಟುಂಬಗಳ ಸಮೀಕ್ಷೆ. ಆಯ್ದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಆದುದರಿಂದ ಇಂತಹ ಶೇಕಡಾವಾರುಗಳನ್ನು ನಮ್ಮೂರಿನ ಸೈನಿಕರ ಸಂಖ್ಯೆಯೊಂದಿಗೆ ನೇರವಾಗಿ ಗುಣಿಸಲಾಗದು.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಸೈನಿಕರು ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾದ ನಂತರವೇ ಸೇವೆಗೆ ಸೇರುತ್ತಾರೆ. ಹೀಗಾಗಿ ಸಾಮಾನ್ಯ ಜನರಿಗೆ ಹೋಲಿಸಿದರೆ ಅವರು ಆರೋಗ್ಯವಂತರಾಗಿ ಕಾಣುವುದು ಸಹಜ. ಹಲವು ಸಿಪಾಯಿಗಳು ನಲವತ್ತರ ಆಸುಪಾಸಿನಲ್ಲಿ ನಿವೃತ್ತರಾಗುತ್ತಾರೆ. ರಕ್ತದೊತ್ತಡ, ಮಧುಮೇಹ, ಗುಂಡಿನ ಸದ್ದಿನಿಂದ ಕುಗ್ಗಿದ ಶ್ರವಣಶಕ್ತಿ, ನಿದ್ರಾಹೀನತೆ ಮುಂತಾದವು ಊರಿಗೆ ಮರಳಿದ ಮೇಲೆ ಪ್ರಕಟವಾಗಬಹುದು. ಆಗ ಅವರ ಹತ್ತಿರ ಇರುವುದು ರೆಜಿಮೆಂಟ್ ಅಲ್ಲ, ಗ್ರಾಮ ಪಂಚಾಯಿತಿ.

ಅಗ್ನಿಪಥ ಯೋಜನೆಯಡಿ ಭೂಸೇನೆಯ ಮೊದಲ ತಂಡದ ತರಬೇತಿ 2023ರ ಜನವರಿಯಲ್ಲಿ ಆರಂಭವಾಯಿತು. ಸೇವಾವಧಿ ನಾಲ್ಕು ವರ್ಷ. ಕಾಯಂ ಸೇವೆಗೆ ಆಯ್ಕೆಯಾಗುವವರು ಶೇ. 25ರವರೆಗೆ ಮಾತ್ರ. ಘೋಷಿತ ಷರತ್ತುಗಳಂತೆ ಉಳಿದವರಿಗೆ ಪಿಂಚಣಿಯಾಗಲಿ ಇಸಿಹೆಚ್‌ಎಸ್ ಆಗಲಿ ಇಲ್ಲ. ಪಿಂಚಣಿದಾರರ ಪಟ್ಟಿಯನ್ನಷ್ಟೇ ನೆಚ್ಚಿದರೆ ಈ ಯುವಕರು ನಮ್ಮ ಲೆಕ್ಕದಿಂದ ಹೊರಗುಳಿಯುತ್ತಾರೆ.

ಆದ್ದರಿಂದ ಪ್ರತಿ ಸದಸ್ಯರು ತಮ್ಮ ವಾರ್ಡಿನ ಮನೆಗಳಿಂದ ನಾಲ್ಕು ವಿವರಗಳನ್ನು ಪಡೆಯುವುದು ಸೂಕ್ತ: ಸೇವೆ ಸಲ್ಲಿಸಿದ ಪಡೆ, ನಿವೃತ್ತಿಯ ವರ್ಷ, ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ನೋಂದಣಿ ಆಗಿದೆಯೇ, ಆರೋಗ್ಯ ಕಾರ್ಡ್ ಇದೆಯೇ. ವಿಧವೆಯರಿಗೆ ಪ್ರತ್ಯೇಕ ಪುಟವಿರಲಿ. ಕಾಯಿಲೆಯ ವಿವರಗಳನ್ನು ಬರೆದುಕೊಳ್ಳುವುದಾಗಲಿ ಗ್ರಾಮ ಸಭೆಯಲ್ಲಿ ಓದುವುದಾಗಲಿ ಕೂಡದು. ಮನೋವೇದನೆಯ ಸೂಚನೆ ಕಂಡಲ್ಲಿ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ಅನ್ನು ಮನೆಯವರಿಗೆ ಖಾಸಗಿಯಾಗಿ ತಿಳಿಸಬಹುದು.

ಈ ಪಟ್ಟಿಯನ್ನು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯ ಮುಂದಿಟ್ಟರೆ, ಕಾರ್ಡ್ ಇಲ್ಲದ ಮನೆ ಯಾವುದೆಂಬುದು ಅಂದೇ ತಿಳಿಯುತ್ತದೆ. ಆ ಮನೆಗೆ ಅರ್ಜಿ ತಲುಪಿಸುವ ಕೆಲಸವನ್ನು ಅದೇ ಸಭೆಯಲ್ಲಿ ಒಬ್ಬರಿಗೆ ವಹಿಸಬೇಕೆಂದು ಕೋರುತ್ತೇನೆ.