ಉಮ್ಮ ಬೀಳದಿರಲು ಮಾತ್ರೆಯೊಂದೇ ಸಾಕೇ?

"ಉಮ್ಮ ಬಾತ್‌ರೂಮಲ್ಲಿ ಜಾರಿ ಬಿದ್ರು" ಎಂಬ ಫೋನ್ ಬರದ ಮನೆ ನಮ್ಮಲ್ಲಿ ಕಡಿಮೆ. ಸುದ್ದಿ ದುಬೈಗೋ ದಮ್ಮಾಮಿಗೋ ತಲುಪಿದ ಕೂಡಲೇ ಮಗ ಹೇಳುವುದು ಹೆಚ್ಚಾಗಿ ಒಂದೇ ಮಾತು: "ವಿಟಮಿನ್ ಡಿ ಟೆಸ್ಟ್ ಮಾಡಿಸಿ. ಊರಿಗೆ ಬರುವವರ ಕೈಯಲ್ಲಿ ಮಾತ್ರೆ ಕಳಿಸ್ತೇನೆ." ಮಗನ ಕಾಳಜಿ ನಿಜವಾದದ್ದೇ. ಆದರೆ ಮಾತ್ರೆ ತಿಂದ ಮಾತ್ರಕ್ಕೆ ಬೀಳುವುದು ನಿಲ್ಲುತ್ತದೆಯೇ?

ತಿಂದ ಆಹಾರದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರಬೇಕಾದರೆ ವಿಟಮಿನ್ ಡಿ ಬೇಕು. ಅದು ತೀರಾ ಕಡಿಮೆಯಾದರೆ ಎಲುಬು ಮೆತ್ತಗಾಗುತ್ತದೆ, ತೊಡೆ ಮತ್ತು ಸೊಂಟದ ಸ್ನಾಯುಗಳ ಬಲ ಕುಂದುತ್ತದೆ. ಮೆಟ್ಟಿಲು ಹತ್ತಲು ಕಷ್ಟ, ಸುಜೂದಿನಿಂದ ಏಳುವಾಗ ಯಾರಾದರೂ ಕೈ ಕೊಡಬೇಕು, ಮೈಯೆಲ್ಲ ನೋವು. ಇವನ್ನು "ವಯಸ್ಸಾಯ್ತಲ್ಲ" ಎಂದು ಬಿಟ್ಟುಬಿಡಬಾರದು. ವೈದ್ಯರಿಗೆ ಹೇಳಬೇಕು. ರಕ್ತ ಪರೀಕ್ಷೆಯಲ್ಲಿ ಒಂದು ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ.

ಬಿಸಿಲಿದೆ, ಮೈಗೆ ಬೀಳುವುದಿಲ್ಲ

ಕರಾವಳಿಯಲ್ಲಿ ಬಿಸಿಲಿಗೆ ಬರ ಉಂಟಾ ಎಂದು ಕೇಳಬಹುದು. ಬಿಸಿಲು ಇರುವುದು ಬೇರೆ, ಚರ್ಮಕ್ಕೆ ಬೀಳುವುದು ಬೇರೆ. ಮನೆಯ ಹಿರಿಯ ಹೆಂಗಸರು ಹೆಚ್ಚು ಹೊತ್ತು ಒಳಗೇ ಇರುತ್ತಾರೆ, ಹೊರಗೆ ಹೋದರೆ ಮೈ ಮುಚ್ಚಿರುತ್ತದೆ. ಮಳೆಗಾಲದಲ್ಲಿ ಮೋಡ. ವಯಸ್ಸಾದ ಚರ್ಮ ವಿಟಮಿನ್ ಡಿ ತಯಾರಿಸುವುದೂ ಕಡಿಮೆ. ಕಿಟಕಿ ಗಾಜಿನ ಹಿಂದೆ ಕುಳಿತರೆ ಪ್ರಯೋಜನವಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಮುಂಜಾನೆಯ ಎಳೆ ಬಿಸಿಲಿನಲ್ಲೂ ಅದು ತೀರಾ ಕಡಿಮೆ. ಹೊರಗಿನವರ ಕಣ್ಣು ಬೀಳದ ಹಿತ್ತಲಲ್ಲೋ ಟೆರೇಸಿನಲ್ಲೋ ಹತ್ತು ಗಂಟೆಯ ನಂತರ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ತಾಗಿಸಬಹುದು. ಚರ್ಮ ಉರಿಯುವಷ್ಟು ಹೊತ್ತು ಬೇಡ. ಬೂತಾಯಿ, ಬಂಗುಡೆ, ಮೊಟ್ಟೆಯ ಹಳದಿಯಲ್ಲೂ ಈ ವಿಟಮಿನ್ ಉಂಟು.

ಡೋಸ್ ಹೆಚ್ಚಾದರೆ ಲಾಭ ಹೆಚ್ಚಲ್ಲ

ಕೊರತೆ ಇದ್ದವರಿಗೆ ಚಿಕಿತ್ಸೆ ಬೇಕೇ ಬೇಕು. ಆದರೆ "ಹೆಚ್ಚು ತಿಂದರೆ ಬೀಳುವುದಿಲ್ಲ" ಎಂಬ ನಂಬಿಕೆಯನ್ನು ಸಂಶೋಧನೆಗಳು ಒಪ್ಪುವುದಿಲ್ಲ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ವಿಟಮಿನ್ ಡಿ ಕೊಟ್ಟರು. 2010ರಲ್ಲಿ ಫಲಿತಾಂಶ ಬಂದಾಗ ವೈದ್ಯರೇ ಬೆರಗಾದರು. ವಿಟಮಿನ್ ತೆಗೆದುಕೊಂಡವರಲ್ಲೇ ಬೀಳುವುದು ಶೇ. 15ರಷ್ಟು, ಎಲುಬು ಮುರಿತ ಶೇ. 26ರಷ್ಟು ಹೆಚ್ಚಾಗಿತ್ತು!

ಇದು ಕೊರತೆ ಇಲ್ಲದವರ ಕತೆ ಇರಬಹುದು ಎಂದು ನೀವು ಹೇಳಬಹುದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ತಜ್ಞರು ವಿಟಮಿನ್ ಡಿ ಮಟ್ಟ 10ರಿಂದ 29ರ ನಡುವೆ ಇದ್ದ, ಬೀಳುವ ಅಪಾಯ ಹೆಚ್ಚಿದ್ದ 688 ಹಿರಿಯರನ್ನೇ ಆರಿಸಿಕೊಂಡರು. ದಿನಕ್ಕೆ 1,000 ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ತಿಂದವರು 200 ಯೂನಿಟ್ ತಿಂದವರಿಗಿಂತ ಕಡಿಮೆಯೇನೂ ಬೀಳಲಿಲ್ಲ.

ನಮ್ಮಲ್ಲಿ 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲ್ ಎಲ್ಲಾ ಮೆಡಿಕಲ್‌ಗಳಲ್ಲಿ ಸಿಗುತ್ತದೆ. ವೈದ್ಯರು ಅದನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರಕ್ಕೆ ಬರೆಯುತ್ತಾರೆ. ನಾವು ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತರುತ್ತೇವೆ. ಮೇಲಿಂದ ಗಲ್ಫಿನ ಬಾಟಲಿಯೂ ಸೇರುತ್ತದೆ. ವಿಟಮಿನ್ ಡಿ ದೇಹದ ಕೊಬ್ಬಿನಲ್ಲಿ ಶೇಖರವಾಗುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಗಲಿಬಿಲಿ ಕಾಣಿಸುತ್ತದೆ, ಕಿಡ್ನಿಗೂ ಪೆಟ್ಟು. ಆದ್ದರಿಂದ ಎಷ್ಟು ವಾರ, ನಂತರ ಏನು ಎಂದು ವೈದ್ಯರನ್ನೇ ಕೇಳಿ.

ಬೀಳುವುದನ್ನು ತಡೆಯುವುದು ಯಾವುದು?

ಮೊದಲನೆಯದು ವ್ಯಾಯಾಮ. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟು ಸೇರಿಸಿ 2019ರಲ್ಲಿ ಪ್ರಕಟವಾದ ಕಾಕ್ರೇನ್ ವಿಶ್ಲೇಷಣೆಯ ಪ್ರಕಾರ, ವ್ಯಾಯಾಮ ಮಾಡುವ ಹಿರಿಯರಲ್ಲಿ ಬೀಳುವುದು ಶೇ. 23ರಷ್ಟು ಕಡಿಮೆ. ದೊಡ್ಡ ಕಸರತ್ತೇನೂ ಬೇಡ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಆದಷ್ಟು ಕೈ ಊರದೆ ಎದ್ದು ಕೂರುವುದು. ಅಡುಗೆ ಕಟ್ಟೆ ಹಿಡಿದು ಒಂದೊಂದೇ ಕಾಲಿನಲ್ಲಿ ನಿಲ್ಲುವುದು. ಸುರುವಿಗೆ ಯಾರಾದರೂ ಪಕ್ಕದಲ್ಲಿರಲಿ.

ಎರಡನೆಯದು ಮನೆ. ವುಝೂ ಮಾಡಿದ ನೀರು ಟೈಲ್ಸ್ ಮೇಲೆ ನಿಲ್ಲದಿರಲಿ, ಮಳೆಗಾಲದಲ್ಲಿ ಅಂಗಳದ ಪಾಚಿ ಉಜ್ಜಿ ತೆಗೆಯಿರಿ. ಬಾತ್‌ರೂಮಿನಲ್ಲಿ ಹಿಡಿಯಲು ಒಂದು ಸ್ಟೀಲ್ ರಾಡ್, ಮಲಗುವ ಕೋಣೆಯಿಂದ ಅಲ್ಲಿವರೆಗೆ ರಾತ್ರಿ ಒಂದು ಚಿಕ್ಕ ಲೈಟ್. ಸವೆದ ಹವಾಯಿ ಚಪ್ಪಲಿ ಬಿಸಾಡಿ.

ಮೂರನೆಯದು ಔಷಧ ಮತ್ತು ಕಣ್ಣು. ಬಿಪಿ, ಶುಗರ್, ನಿದ್ರೆಯ ಮಾತ್ರೆಗಳಿಂದ ತಲೆ ತಿರುಗಬಹುದು. ಎಲ್ಲಾ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿ ವೈದ್ಯರಿಗೆ ತೋರಿಸಿ. ತಾವಾಗಿ ನಿಲ್ಲಿಸಬೇಡಿ. ಸುಬ್‌ಹಿಗೆ ಎದ್ದಾಗ ಒಂದು ನಿಮಿಷ ಮಂಚದಲ್ಲೇ ಕುಳಿತು ಆಮೇಲೆ ನಿಲ್ಲಲಿ. ಕಣ್ಣಿನ ಪೊರೆ ಉಂಟಾ ಎಂದೂ ಪರೀಕ್ಷಿಸಿ.

ಕೊನೆಯದಾಗಿ, ಹಿರಿಯರು ಬಿದ್ದದ್ದನ್ನು ಮುಚ್ಚಿಡುತ್ತಾರೆ. "ಮಕ್ಕಳಿಗೆ ಹೇಳ್ಬೇಡ, ಸುಮ್ಮನೆ ಟೆನ್ಷನ್" ಎಂದು ಸೊಸೆಯ ಬಾಯಿ ಮುಚ್ಚಿಸುತ್ತಾರೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಹೆಚ್ಚು. ಈ ಶುಕ್ರವಾರ ಉಮ್ಮನಿಗೆ ಫೋನ್ ಮಾಡುವಾಗ "ಮಾತ್ರೆ ತಿಂದಿರಾ?" ಎಂದಷ್ಟೇ ಕೇಳಬೇಡಿ. "ಈಚೆಗೆ ಎಲ್ಲಾದರೂ ಬಿದ್ದಿದ್ದೀರಾ? ನಡೆಯುವಾಗ ಹೆದರಿಕೆ ಆಗ್ತದಾ?" ಎಂದೂ ಕೇಳಿ.