ಬೇಸಾಯದ ಓದು ಕಡಲಾಚೆಗಷ್ಟೇ ಇದೆಯೇ?

ಕೃಷಿಯ ದೊಡ್ಡ ಓದು ಅಂದರೆ ಅಮೆರಿಕ, ಯುರೋಪು. ಅಲ್ಲಿ ಕಲಿತವರು ಬಂದು ನಮಗೆ ಹೇಳಿಕೊಡಬೇಕು ಎಂಬ ನಂಬಿಕೆ ರಾಯಚೂರು ಸೀಮೆಯ ಮನೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಅದಕ್ಕೆ ಕಾರಣವೂ ಉಂಟು. 1964ರಲ್ಲಿ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ಶುರುವಾದಾಗ ನೆರವಿಗೆ ನಿಂತದ್ದು ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯ.

ಆದರೆ ಓಡಾಟ ಒಂದೇ ದಿಕ್ಕಿನದಲ್ಲ. ಒಣ ಉಷ್ಣವಲಯದ ಬೇಸಾಯಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್ 1972ರಲ್ಲಿ ನೆಲೆಯೂರಿದ್ದು ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ: ಅದರ ಬೆಳೆಗಳ ಪಟ್ಟಿ ದೇವದುರ್ಗದ ಸಂತೆಯ ಪಟ್ಟಿಯಂತೆಯೇ ಇದೆ. ಇವನ್ನು ಕಲಿಯಲು ಆಫ್ರಿಕಾದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಾರೆ. ನಮಗೂ ಅವರಿಂದ ಕಲಿಯುವುದಿದೆ. ಮೆಕ್ಕೆಜೋಳದ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಂಡು, 2018ರಲ್ಲಿ ಶಿವಮೊಗ್ಗದಲ್ಲಿ ಪತ್ತೆಯಾಯಿತು. ಅದರೊಂದಿಗೆ ಎರಡು ವರ್ಷ ಮೊದಲೇ ಹೆಣಗಿದವರು ಅವರು.

ಉಷ್ಣವಲಯವೆಂದರೆ ಮಳೆಕಾಡು, ತೆಂಗು, ಅಡಿಕೆ ಎಂಬುದೂ ತಪ್ಪು. ಕರ್ಕಾಟಕ ವೃತ್ತದ ದಕ್ಷಿಣಕ್ಕಿರುವ ನಮ್ಮ ಎರೆಹೊಲ, ಮಸಾರಿ ಹೊಲಗಳೂ ಉಷ್ಣವಲಯವೇ.

ಇನ್ನೊಂದು ನಂಬಿಕೆ ಹೆಚ್ಚು ಹಾನಿ ಮಾಡುತ್ತದೆ: ಹೊರಗಿನ ತಂತ್ರವನ್ನು ತಂದು ಹೂಡಿದರೆ ಸಾಕು, ಹೊಲ ಸುಧಾರಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕಥೆ ನೋಡಿ. ಮೇಲ್ಭಾಗದಲ್ಲಿ ಭತ್ತಕ್ಕೆ ನೀರು ನಿಲ್ಲಿಸಿ ನಿಲ್ಲಿಸಿ ಅಂತರ್ಜಲ ಮೇಲೇರಿತು. ಬಿಸಿಲಿಗೆ ನೀರು ಆರಿ ಉಪ್ಪು ಉಳಿಯಿತು. ಅದೇ ಸವಳು, ಜವಳು. ಮಾನ್ವಿಯ ಕೊನೆಭಾಗದವರಿಗೋ ನೀರೇ ತಲುಪದು. 1990ರ ದಶಕದಲ್ಲಿ ನೆದರ್‌ಲ್ಯಾಂಡ್ಸ್ ತಜ್ಞರು, ಕರ್ನಾಲಿನ ಲವಣ ಮಣ್ಣು ಸಂಶೋಧನಾ ಸಂಸ್ಥೆ ಮತ್ತು ಗಂಗಾವತಿ ಕೃಷಿ ಸಂಶೋಧನಾ ಕೇಂದ್ರ ಜೊತೆಗೂಡಿ ನೆಲದಡಿಯ ಬಸಿಗಾಲುವೆ ಕೊಳವೆಗಳನ್ನು ಪರೀಕ್ಷಿಸಿದವು. ಡಚ್ಚರಿಗೆ ಬಸಿಯುವುದು ತಲೆಮಾರುಗಳ ವಿದ್ಯೆ. ಆದರೆ ಅಲ್ಲಿ ತೆಗೆಯಬೇಕಾದದ್ದು ಮುಖ್ಯವಾಗಿ ಮಳೆಯ ಹೆಚ್ಚುವರಿ ನೀರು, ಇಲ್ಲಿ ಉಪ್ಪು ಕೂಡ. ಕೊಳವೆ ಎಷ್ಟು ಆಳ, ಎಷ್ಟು ಅಂತರ, ಬಸಿದ ಉಪ್ಪುನೀರು ಎಲ್ಲಿಗೆ ಎಂಬುದನ್ನು ಇಲ್ಲಿನ ಮಣ್ಣಿನಲ್ಲೇ ಅಳೆಯಬೇಕಾಯಿತು. ಕೊಳವೆ ಹಾಕಿದ ಮೇಲೂ ನೀರಿನ ಅತಿಬಳಕೆ ನಿಲ್ಲದಿದ್ದರೆ ರೋಗದ ಮೂಲ ಉಳಿದೇ ಇರುತ್ತದೆ. ಅದಕ್ಕೇ ನಾಟಿ ಬಿಟ್ಟು ಕೂರಿಗೆಯಲ್ಲಿ ಬಿತ್ತುವ ಕೂರಿಗೆ ಭತ್ತಕ್ಕೆ ಇಲ್ಲಿ ಬೆಲೆ. ನಿಂತ ನೀರು ಮುಖ್ಯವಾಗಿ ಕಳೆ ತಡೆಯುತ್ತದೆ. ಭತ್ತಕ್ಕೆ ಅದು ಬೆಳೆಗಾಲವಿಡೀ ಬೇಕಿಲ್ಲ.

ಇನ್ನು, ಹೋದವರು ಮರಳುವುದಿಲ್ಲ ಎಂಬ ಭಯ. ಎಲ್ಲ ಅವಕಾಶವೂ ವಲಸೆಯ ಬಾಗಿಲಲ್ಲ. ಫುಲ್‌ಬ್ರೈಟ್–ನೆಹರು ಡಾಕ್ಟರಲ್ ಫೆಲೋಶಿಪ್ ಭಾರತದಲ್ಲೇ ಪಿಎಚ್.ಡಿ.ಗೆ ನೋಂದಾಯಿಸಿದವರಿಗೆ, ಅಮೆರಿಕದಲ್ಲಿ 6ರಿಂದ 9 ತಿಂಗಳ ಮಟ್ಟಿಗೆ. ಮುಗಿಸಿ ಬಂದು ಪ್ರಬಂಧವನ್ನು ಇಲ್ಲೇ ಒಪ್ಪಿಸಬೇಕು. ರಾಯಚೂರಿನ ವಿದ್ಯಾರ್ಥಿ ಅರ್ಜಿ ಬರೆಯುವ ಮೊದಲು ಮಾನ್ವಿಯ ಕಾಲುವೆ ಕೊನೆಗೆ, ದೇವದುರ್ಗದ ಮಳೆಯಾಶ್ರಿತ ತೊಗರಿ ಹೊಲಕ್ಕೆ ಹೋಗಿ ಪ್ರಶ್ನೆ ಆರಿಸಿಕೊಳ್ಳಲಿ. ಆ ಪ್ರಶ್ನೆಗೆ ಎಲ್ಲಿಯ ಪ್ರಯೋಗಾಲಯ ಬೇಕು ಎಂಬುದು ಆಮೇಲಿನ ಮಾತು.