ಕಾರಿಗೆ ಹೊಸ ಬಣ್ಣ: ವರ್ಕ್‌ಶಾಪ್ ಆರಿಸುವ ಮುನ್ನ ಗಮನಿಸಬೇಕಾದ್ದೇನು?

ಕಾಸರಗೋಡು: ಮಂಜೇಶ್ವರದಿಂದ ಹೊಸದುರ್ಗದವರೆಗಿನ ಕರಾವಳಿಯಲ್ಲಿ ಕಾರು ಇಟ್ಟುಕೊಂಡವರಿಗೆ ತುಕ್ಕಿನ ಕಾಟ ಹೊಸತಲ್ಲ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಕಡಲ ಕಡೆಯಿಂದ ಬೀಸುವ ಉಪ್ಪು ಗಾಳಿ, ಒಳರಸ್ತೆಗಳ ಮುರಕಲ್ಲಿನ ಧೂಳು ಇವೆಲ್ಲ ಸೇರಿ ಹತ್ತು ವರ್ಷ ಹಳೆಯದಾದ ಕಾರಿನ ಬಾಗಿಲ ಕೆಳ ಅಂಚನ್ನೂ ಚಕ್ರದ ಮೇಲ್ಭಾಗವನ್ನೂ ತಿನ್ನತೊಡಗುತ್ತವೆ. ಮನೆಯಲ್ಲಿ ಮದುವೆ ನಿಶ್ಚಯವಾದಾಗ, ಇಲ್ಲವೇ ಗಲ್ಫ್‌ನಲ್ಲಿರುವವರು ರಜೆಯಲ್ಲಿ ಊರಿಗೆ ಬಂದಾಗ 'ಕಾರಿಗೊಮ್ಮೆ ಪೈಂಟ್ ಹೊಡೆಸೋಣ' ಎಂಬ ಮಾತು ಬರುತ್ತದೆ. ವಿಚಾರಿಸಲು ಹೋದರೆ ಒಂದು ವರ್ಕ್‌ಶಾಪ್‌ನವರು ಹೇಳಿದ ಮೊತ್ತದ ಅರ್ಧಕ್ಕೇ ಇನ್ನೊಬ್ಬರು ಒಪ್ಪುತ್ತಾರೆ. ಕಾರು ಕೈಗೆ ಸಿಗುವ ದಿನ ಎರಡೂ ಕಡೆಯ ಕೆಲಸ ಒಂದೇ ರೀತಿ ಹೊಳೆಯುತ್ತದೆ. ವ್ಯತ್ಯಾಸ ಗೊತ್ತಾಗುವುದು ಒಂದು ಮಳೆಗಾಲ ಕಳೆದ ಮೇಲೆ.

ಕಾರಣವಿಷ್ಟೇ, ಬಣ್ಣದ ಆಯುಷ್ಯ ನಿರ್ಧಾರವಾಗುವುದು ಕಣ್ಣಿಗೆ ಕಾಣುವ ಬಣ್ಣದಿಂದಲ್ಲ, ಅದರ ಅಡಿಯಲ್ಲಿ ನಡೆದ ಕೆಲಸದಿಂದ. ಕಾರ್ಖಾನೆಯಿಂದ ಬಂದ ಕಾರಿನ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಎರಡು ತಲೆಗೂದಲಿನಷ್ಟು. ಅಷ್ಟರೊಳಗೇ ತುಕ್ಕುನಿರೋಧಕ ಪದರ, ಪ್ರೈಮರ್, ಬಣ್ಣ, ಮೇಲಿನ ಕ್ಲಿಯರ್ ಕೋಟ್ ಎಲ್ಲವೂ ಇರುತ್ತವೆ. ಅಲ್ಲಿ ಬರಿಯ ಲೋಹದ ಬಾಡಿಯನ್ನು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಓಡಾಡುವ ಕಾರಿನಲ್ಲಿ ವೈರಿಂಗ್, ರಬ್ಬರ್, ಪ್ಲಾಸ್ಟಿಕ್ ಇರುವುದರಿಂದ ವರ್ಕ್‌ಶಾಪಿನಲ್ಲಿ ಇದು ಸಾಧ್ಯವಿಲ್ಲ. ಆದ್ದರಿಂದ ಹಾರ್ಡನರ್ ಬೆರೆಸಿ ಹೊಡೆಯುವ, ರಾಸಾಯನಿಕವಾಗಿ ಗಟ್ಟಿಯಾಗುವ ಬಣ್ಣವನ್ನು ಬಳಸಬೇಕಾಗುತ್ತದೆ. ಇದನ್ನೇ 2ಕೆ ಎನ್ನುತ್ತಾರೆ. ಬೂತ್ ಇರುವಲ್ಲಿ ಸುಮಾರು 60 ಡಿಗ್ರಿಯಲ್ಲಿ ಇದನ್ನು ಒಣಗಿಸುತ್ತಾರೆ.

ಅಗ್ಗದ ಕೆಲಸದಲ್ಲಿ ಬಳಕೆಯಾಗುವುದು ಎನ್‌ಸಿ ಪೈಂಟ್. ಥಿನ್ನರ್ ಆರಿದೊಡನೆ ಇದು ಒಣಗುತ್ತದೆ, ಪಾಲಿಶ್ ಮಾಡಿದರೆ ಕನ್ನಡಿಯಂತಾಗುತ್ತದೆ. ಆದರೆ ಬಿಸಿಲಿಗೆ ಬೇಗನೆ ಮಂಕಾಗುತ್ತದೆ. ತೇವದ ಹವೆಯಲ್ಲಿ ಹೊಡೆದರೆ ಒಣಗುವಾಗಲೇ ಬೆಳ್ಳಗೆ ಮಸುಕು ಕಟ್ಟುವುದೂ ಉಂಟು. ಕೊಟ್ಟದ್ದು ಯಾವುದೆಂದು ತಿಳಿಯಲು ಸುಲಭದ ದಾರಿಯಿದೆ. ವಾರ ಕಳೆದ ಮೇಲೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಥಿನ್ನರ್ ಅದ್ದಿದ ಬಟ್ಟೆಯಿಂದ ಉಜ್ಜಿದರೆ ಎನ್‌ಸಿ ಕರಗಿ ಬಟ್ಟೆಗೆ ಅಂಟುತ್ತದೆ, ಸರಿಯಾಗಿ ಗಟ್ಟಿಯಾದ 2ಕೆ ಅಂಟುವುದಿಲ್ಲ. ಹೀಗೆ ಪರೀಕ್ಷಿಸುವುದಾಗಿ ಮೊದಲೇ ಹೇಳಿಬಿಟ್ಟರೆ ಪರೀಕ್ಷೆಯ ಅಗತ್ಯವೇ ಬೀಳದಿರಬಹುದು!

ವರ್ಕ್‌ಶಾಪ್ ನೋಡಲು ಹೋದವರಿಗೆ ಮಾಲಕರು ಕೆಲಸ ಮುಗಿದ ಕಾರನ್ನು ತೋರಿಸುತ್ತಾರೆ. ಅದಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು ಅರ್ಧ ಕೆಲಸವಾದ ಕಾರನ್ನು. ತುಕ್ಕು ಹಿಡಿದ ಜಾಗವನ್ನು ಕತ್ತರಿಸಿ ಹೊಸ ತಗಡು ಬೆಸೆದಿದ್ದಾರೆಯೇ, ಕನಿಷ್ಠ ಬರಿಯ ಲೋಹದವರೆಗೆ ಉಜ್ಜಿ ಎಪಾಕ್ಸಿ ಪ್ರೈಮರ್ ಹೊಡೆದಿದ್ದಾರೆಯೇ, ಅಥವಾ ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿದ್ದಾರೆಯೇ? ಪುಟ್ಟಿಯೇ ಕೆಟ್ಟದ್ದೆಂದಲ್ಲ. ಟಿಂಕರಿಂಗ್ ಸರಿಯಾಗಿ ಆದ ಮೇಲೆ ತೆಳುವಾಗಿ ಎಳೆದ ಪುಟ್ಟಿ ವರ್ಷಗಟ್ಟಲೆ ಇರುತ್ತದೆ. ಸುತ್ತಿಗೆಯ ಕೆಲಸ ಉಳಿಸಲು ಗುಂಡಿಗೆಲ್ಲ ಪುಟ್ಟಿ ತುಂಬಿದರೆ ಮಾತ್ರ ಅದು ಬಿರಿಯುತ್ತದೆ. ಅದು ನೀರನ್ನೂ ಹೀರುತ್ತದೆ. ನೀರು ಹಾಕಿ ಉಜ್ಜಿ ಪೂರ್ತಿ ಒಣಗಲು ಬಿಡದೆ ಬಣ್ಣ ಹೊಡೆದ ಕಾರಿನಲ್ಲಿ ಮುಂದೆ ಗುಳ್ಳೆ ಏಳುವುದು ಇದರಿಂದಲೇ. ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲ ಮೇಲೆ ಸರಿಸಿದರೆ, ದಪ್ಪ ಪುಟ್ಟಿ ಇದ್ದಲ್ಲಿ ಅದು ಹಿಡಿಯುವುದಿಲ್ಲ. (ಬಂಪರ್ ಪ್ಲಾಸ್ಟಿಕ್ಕಿನದಾದ್ದರಿಂದ ಅಲ್ಲಿ ಈ ಉಪಾಯ ನಡೆಯದು.)

ಬಾಗಿಲ ಹಿಡಿ, ಲೈಟು, ರಬ್ಬರ್ ಬೀಡಿಂಗ್‌ಗಳನ್ನು ಬಿಚ್ಚಿ ತೆಗೆದಿದ್ದಾರೆಯೇ ಅಥವಾ ಪತ್ರಿಕೆ ಅಂಟಿಸಿ ಮುಚ್ಚಿದ್ದಾರೆಯೇ ಎಂಬುದೂ ಬಹಳಷ್ಟನ್ನು ಹೇಳುತ್ತದೆ. ಟೇಪಿನ ಅಂಚಿನಲ್ಲಿ ನಿಂತ ಬಣ್ಣ ಅಲ್ಲಿಂದಲೇ ಏಳತೊಡಗುತ್ತದೆ. ಕಂಪ್ರೆಸರ್ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು. ನಮ್ಮ ಕಡೆಯ ತೇವದ ಹವೆಯಲ್ಲಿ ಗಾಳಿಯ ಪೈಪಿನೊಳಗೆ ನೀರು ಕಟ್ಟುತ್ತದೆ. ಅದನ್ನು ಬೇರ್ಪಡಿಸುವ ಫಿಲ್ಟರ್ ಇಲ್ಲದಿದ್ದರೆ ನೀರು ಬಣ್ಣದ ಜೊತೆ ಸಿಡಿದು ಚುಕ್ಕೆ ಬೀಳುತ್ತದೆ. ಬೂತ್ ಇಲ್ಲದ ತೆರೆದ ಶೆಡ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಪೈಂಟಿಂಗ್ ಮಾಡಿಸದಿರುವುದೇ ಒಳ್ಳೆಯದು.

ಪೈಂಟರ್ ಮುಖಕ್ಕೆ ಏನು ಕಟ್ಟಿಕೊಂಡಿದ್ದಾನೆ ಎಂಬುದೂ ಮುಖ್ಯ. 2ಕೆ ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಉಸಿರಿನೊಳಗೆ ಹೋದರೆ ಅಸ್ತಮಾ ಬರಬಹುದು. ಬಟ್ಟೆಯ ಕರವಸ್ತ್ರ ಅದನ್ನು ತಡೆಯುವುದಿಲ್ಲ. ತನ್ನ ಕೆಲಸದವನ ಶ್ವಾಸಕೋಶದ ಬಗ್ಗೆ ಕಾಳಜಿ ಇಲ್ಲದ ವರ್ಕ್‌ಶಾಪ್ ಗಿರಾಕಿಯ ಬಾಗಿಲ ಒಳಮೈ ಬಗ್ಗೆ ಕಾಳಜಿ ವಹಿಸೀತೆಂದು ನಂಬುವುದು ಕಷ್ಟ.

ಒಂದೆರಡು ಪ್ಯಾನೆಲ್‌ಗಳಿಗಷ್ಟೇ ಬಣ್ಣ ಹೊಡೆಸುವವರಿಗೆ ಸಿಲ್ವರ್‌ನಂಥ ಮೆಟಾಲಿಕ್ ಬಣ್ಣ ದೊಡ್ಡ ತಲೆನೋವು. ಬಾಗಿಲ ಕಂಬದ ಅಥವಾ ಇಂಜಿನ್ ಕೋಣೆಯ ಪಟ್ಟಿಯಲ್ಲಿರುವ ಕಲರ್ ಕೋಡ್ ಕೊಟ್ಟು ಬಣ್ಣ ತಂದರೂ, ಗನ್ ಹಿಡಿದ ದೂರ ಮತ್ತು ಗಾಳಿಯ ಒತ್ತಡಕ್ಕೆ ತಕ್ಕಂತೆ ಅದರಲ್ಲಿನ ಲೋಹದ ಕಣಗಳು ಬೇರೆ ಬೇರೆಯಾಗಿ ಕೂರುತ್ತವೆ. ನುರಿತ ಪೈಂಟರ್ ಪಕ್ಕದ ಪ್ಯಾನೆಲ್‌ಗೂ ಬಣ್ಣವನ್ನು ಸ್ವಲ್ಪ ಹರಡಿ, ಮೇಲೆ ಪೂರ್ತಿ ಕ್ಲಿಯರ್ ಹೊಡೆದು ವ್ಯತ್ಯಾಸ ಕಾಣದಂತೆ ಮಾಡುತ್ತಾನೆ. ಈ ಬಗ್ಗೆ ಕೇಳಿದಾಗ ಏನು ಉತ್ತರ ಬರುತ್ತದೆ ಎಂಬುದರಿಂದ ಕೈಚಳಕ ತಿಳಿಯುತ್ತದೆ. ಕಾರನ್ನು ಹಗಲು ಬೆಳಕಿನಲ್ಲೇ ಪಡೆಯಬೇಕು. ಸಂಜೆ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಸಿಲ್ವರ್‌ಗಳೂ ಒಂದೇ.

ಗಡಿಯವರಿಗೆ ಇನ್ನೊಂದು ಲೆಕ್ಕಾಚಾರವೂ ಇದೆ. ದೊಡ್ಡ ಬೂತ್‌ಗಳನ್ನು ಹುಡುಕಿ ತಲಪಾಡಿ ದಾಟಿ ಮಂಗಳೂರಿಗೆ ಕಾರು ಒಯ್ಯುವವರು ಅನೇಕರು. ನಾಲ್ಕು ತಿಂಗಳ ನಂತರ ಗುಳ್ಳೆ ಎದ್ದರೆ ಮತ್ತೆ ಕಾರನ್ನು ಅಲ್ಲಿಯೇ ಬಿಟ್ಟು ಬಸ್ಸಿನಲ್ಲಿ ಬರಬೇಕೆಂಬುದು ನೆನಪಿರಲಿ. ಎಷ್ಟು ಕಾಲದ ಗ್ಯಾರಂಟಿ, 'ಫುಲ್ ಪೈಂಟಿಂಗ್' ಅಂದರೆ ಬಾಗಿಲ ಒಳಭಾಗ, ಬಾನೆಟ್‌ನ ಅಡಿ ಸೇರಿದೆಯೇ, ಯಾವ ಕಂಪೆನಿಯ ಬಣ್ಣ ಎಂಬುದೆಲ್ಲ ಬರವಣಿಗೆಯಲ್ಲಿರಬೇಕು. ಅದು ಕನ್ನಡವೋ ಮಲಯಾಳವೋ, ಸಹಿ ಹಾಕುವವರಿಗೆ ಓದಲು ಬಂದರಾಯಿತು. 'ಬಿಲ್ಲು ಬೇಡವಾದರೆ ಶೇ. 18 ಜಿಎಸ್‌ಟಿ ಉಳಿಯುತ್ತದೆ' ಎಂಬ ಮಾತಿಗೆ ಒಪ್ಪಿದರೆ ಮುಂದೆ ದೂರು ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ. ಬಿಲ್ಲಿದ್ದರೆ ಮಂಗಳೂರಿಗೆ ಅಲೆಯಬೇಕಾಗಿಯೂ ಇಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಕಾಸರಗೋಡಿನಲ್ಲೇ, ದೂರು ಸಲ್ಲಿಸಬಹುದು.

ಅಪಘಾತದ ಗೀರಾದರೆ ವಿಮೆ ಸಿಗುತ್ತದೆ, ಹಳೆಯದಾಗಿ ಬಣ್ಣ ಮಾಸಿದ್ದಕ್ಕೂ ತುಕ್ಕಿಗೂ ಸಿಗುವುದಿಲ್ಲ. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಪೈಂಟ್ ಸಾಮಗ್ರಿಯ ಬೆಲೆಯ ಅರ್ಧವನ್ನು ಸವಕಳಿಯೆಂದು ಕಳೆಯುತ್ತಾರೆ. ಬಿಲ್ಲಿನಲ್ಲಿ ಸಾಮಗ್ರಿಯನ್ನು ಬೇರೆ ತೋರಿಸದಿದ್ದರೆ ಒಟ್ಟು ಪೈಂಟಿಂಗ್ ಮೊತ್ತದ ಕಾಲು ಭಾಗವೇ ಸಾಮಗ್ರಿ ಎಂದು ಲೆಕ್ಕ. 20,000 ರೂಪಾಯಿಗೆ 2,500 ಕಡಿತ ಎಂದಾಯಿತು. ಆದರೆ ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಐದು ವರ್ಷ ಕ್ಲೇಮ್ ಇಲ್ಲದವರಿಗೆ ಅದು ಶೇ. 50ರಷ್ಟಿರುತ್ತದೆ. ಒಂದು ಬಂಪರಿಗಾಗಿ ಅದನ್ನು ಕಳೆದುಕೊಳ್ಳಬೇಕೇ ಎಂದು ಮೊದಲೇ ಲೆಕ್ಕ ಹಾಕಿ ನೋಡಬೇಕು.

ಬಣ್ಣವನ್ನೇ ಬದಲಿಸುವುದಾದರೆ ಆರ್‌ಸಿಯಲ್ಲಿರುವ ಬಣ್ಣವೂ ಬದಲಾಗಬೇಕು. ಕೆಎಲ್ 14 ನೋಂದಣಿಯ ಕಾರಿಗೆ ಮಂಗಳೂರಿನಲ್ಲಿ ಬಣ್ಣ ಹೊಡೆಸಿದರೂ ಅನುಮತಿ ಪಡೆಯಬೇಕಾದ್ದು ಕಾಸರಗೋಡು ಆರ್‌ಟಿಓದಿಂದ, ಅದೂ ಕೆಲಸ ಆರಂಭಿಸುವ ಮೊದಲು. ಸಾಲ ಬಾಕಿಯಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯೂ ಬೇಕು. ವಿಮಾ ಕಂಪೆನಿಗೂ ತಿಳಿಸಬೇಕು.

ಹೊಸ ಬಣ್ಣ ಮುಟ್ಟಿದಾಗ ಒಣಗಿದಂತೆ ಕಂಡರೂ ಒಳಗೆ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಮೊದಲ ಒಂದು ತಿಂಗಳು ವ್ಯಾಕ್ಸ್ ಹಚ್ಚಬಾರದು, ಬ್ರಶ್ ಹಾಕಿ ತೊಳೆಸಬಾರದು. ಹಲಸಿನ ಮರದಡಿ ನಿಲ್ಲಿಸಬಾರದು, ಹಕ್ಕಿಯ ಹಿಕ್ಕೆ ಬಿದ್ದರೆ ಅಂದೇ ನೀರು ಹಾಕಿ ತೊಳೆಯಬೇಕು.